ಬಾಯಿ ಮುಕ್ಕಳಿಸುವ ಲಿಂಗಯ್ಯ

ಹರವೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ನಲ್ಲಿ ಇದೆ. ಚುನಾವಣೆ ಬಂತೆಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ನಾಲ್ಕು ಜನ ತಪ್ಪದೆ ಸೇರುತ್ತಾರೆ. ನೀರಿಗಲ್ಲ, ಲಿಂಗಯ್ಯ ಬಾಯಿ ಮುಕ್ಕಳಿಸುವುದನ್ನು ನೋಡುವುದಕ್ಕೆ.

ಲಿಂಗಯ್ಯನದು ಮೈಕಿನ ಕೆಲಸ. ಬೆಳಗಿನ ಹೊತ್ತೆಲ್ಲ ಆಟೊದಲ್ಲಿ ಕೂತು, ಒಬ್ಬ ಅಭ್ಯರ್ಥಿಯಷ್ಟು ಒಳ್ಳೆಯವನು ಜಿಲ್ಲೆಯಲ್ಲೇ ಹುಟ್ಟಿಲ್ಲ ಎಂದು ಕೂಗಿ ಬಂದಿರುತ್ತಾನೆ. ಮಧ್ಯಾಹ್ನದ ಮೇಲೆ ಅದೇ ಬೀದಿಗಳಲ್ಲಿ, ಅದೇ ಗಂಟಲಿನಲ್ಲಿ, ಅವನ ಎದುರಾಳಿಯಷ್ಟು ಒಳ್ಳೆಯವನು ಹುಟ್ಟಿಲ್ಲ ಎಂದು ಕೂಗಬೇಕು. ಒಂದು ಗಾಡಿಗೆ ಒಬ್ಬರ ಪರವಾನಗಿ ಮಾತ್ರ ಸಿಗುವುದರಿಂದ ನಡುವೆ ಆಟೊ ಬದಲಾಗುತ್ತದೆ. ಮಾದೇಶನ ಆಟೊ ನಿಂತು ಅವನ ಭಾವಮೈದನ ಆಟೊ ಹೊರಡುತ್ತದೆ. ಬಾಯಿಗೆ ಇಂಥ ನಿಯಮವನ್ನು ಯಾವ ಅಧಿಕಾರಿಯೂ ಮಾಡದೆ ಹೋದದ್ದರಿಂದ ಲಿಂಗಯ್ಯನೇ ಮಾಡಿಕೊಂಡಿದ್ದಾನೆ. ನಲ್ಲಿಯ ಮುಂದೆ ಬಗ್ಗಿ, ಬೊಗಸೆ ತುಂಬ ನೀರು ಹಿಡಿದು, ಗಂಟಲಿನ ತಳದವರೆಗೂ ಗಳಗಳ ಮಾಡಿ ಚರಂಡಿಗೆ ಉಗಿಯುತ್ತಾನೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ತಾಗಬಾರದು ಎನ್ನುವುದು ಅವನ ಮಡಿ. ನೋಡುತ್ತ ನಿಂತವರಿಗೆ ಇದು ತಮಾಷೆ, ಅವನಿಗೆ ಅಲ್ಲ.

ಹಾಗೆ ಮಾಡಿ ಮಾಡಿ ಅವನು ಒಂದು ಹೆಸರು ಗಳಿಸಿದ್ದ. ಲಿಂಗಯ್ಯನ ಓಟು ಯಾರಿಗೆ ಎಂದು ಇಡೀ ಹೋಬಳಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೆಂಡತಿ ಸುಂದ್ರಮ್ಮ ಮೂವತ್ತು ವರ್ಷದಿಂದ ಅನ್ನ ಬಡಿಸುವಾಗಲೂ, ಎಣ್ಣೆ ತಿಕ್ಕುವಾಗಲೂ, ಜಗಳದ ನಡುವೆಯೂ ಕೇಳಿ ಸೋತಿದ್ದಳು. ಊರಿನಲ್ಲಿ ಉಳಿದವರೆಲ್ಲ ಯಾರ ಕಡೆ ಎಂದು ಅವರವರ ಮನೆಯ ನಾಯಿಗೂ ಗೊತ್ತು. ಇವನೊಬ್ಬನ ವಿಷಯ ಮಾತ್ರ ಗುಟ್ಟು. ಆ ಗುಟ್ಟಿನಿಂದಲೇ ಅವನ ಮಾತಿಗೆ ಬೆಲೆ. ನಾಳೆ ಕರೆಂಟು ಇರುವುದಿಲ್ಲ ಎಂದು ಅವನು ಕೂಗಿದರೆ ಎರಡೂ ಕಡೆಯವರು ಮೊಬೈಲು ಚಾರ್ಜಿಗೆ ಹಾಕುತ್ತಿದ್ದರು. ದನಗಳಿಗೆ ಲಸಿಕೆ ಎಂದರೆ ಎರಡೂ ಕಡೆಯ ದನಗಳು ಬರುತ್ತಿದ್ದವು. ಪಂಚಾಯಿತಿಯ ಕಂದಾಯ, ಕಳೆದುಹೋದ ಮೇಕೆ, ಆರೋಗ್ಯ ಶಿಬಿರ, ಯಾರದಾದರೂ ಸಾವು, ಏನೇ ಇರಲಿ, ಲಿಂಗಯ್ಯ ಹೇಳಿದ ಮೇಲೆ ಅದು ಆದಂತೆಯೇ ಲೆಕ್ಕ.

ಗಂಟಲಿನ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಇತ್ತು ಎನ್ನುವುದು ಕಡಿಮೆಯಾಯಿತು. ಮದುವೆ ಮನೆಯಲ್ಲಿ ಮಜ್ಜಿಗೆ ಕೊಟ್ಟರೆ, ಗಂಟಲಿಗೆ ಆಗುವುದಿಲ್ಲ ಎಂದು ಪಕ್ಕದವನಿಗೆ ಕೇಳುವಂತೆ ಹೇಳಿ ಬಿಸಿನೀರು ತರಿಸಿಕೊಳ್ಳುತ್ತಿದ್ದ. ಗುಂಡ್ಲುಪೇಟೆಯ ಸಂತೆಯ ದಿನ ಬಾಳೆಕಾಯಿ ಕೊಳ್ಳಲು ಬರುವ ಕೇರಳದವರಿಗಾಗಿ ಮಲಯಾಳದ ಎರಡು ವಾಕ್ಯ ಕಲಿತಿದ್ದ. ಎರಡೂ ಬಾಳೆಕಾಯಿಯ ವಿಷಯವೇ. ಆದರೂ ತನಗೆ ಮಲಯಾಳ ಬರುತ್ತದೆ ಎಂದೇ ಹೇಳಿಕೊಳ್ಳುತ್ತಿದ್ದ. ಚಂದಕವಾಡಿಯ ಕಡೆ ಹೋದರೆ ತಮಿಳೂ ಬರುತ್ತಿತ್ತು.

ಈ ಗಂಟಲಿಗೆ ಮೊದಲು ಗಾಡಿಯಾದದ್ದು ಆಟೊ ಅಲ್ಲ, ದೊಡ್ಡಮಾದಯ್ಯನ ಸೈಕಲ್ಲು. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಶಾಲೆಯನ್ನು ಒಟ್ಟಿಗೆ ಬಿಟ್ಟವರು. ಟೆಂಟು ಸಿನಿಮಾದ ಕಾಲದಲ್ಲಿ ಹ್ಯಾಂಡಲಿಗೆ ಹಾರ್ನ್ ಕಟ್ಟಿ, ಚೀಲದಲ್ಲಿ ಬ್ಯಾಟರಿ ತೂಗುಹಾಕಿ ದೊಡ್ಡಮಾದಯ್ಯ ಪೆಡಲು ತುಳಿಯುತ್ತಿದ್ದ. ಲಿಂಗಯ್ಯ ಹಿಂದೆ ಕ್ಯಾರಿಯರಿನ ಮೇಲೆ ಕೂತು ಮೈಕು ಹಿಡಿಯುತ್ತಿದ್ದ. ಏರು ಬಂದಾಗಲೂ ಇಳಿಯುತ್ತಿರಲಿಲ್ಲ. ಇಳಿದರೆ ಉಸಿರು ಕೆಡುತ್ತದೆ ಎನ್ನುತ್ತಿದ್ದ. ಯಾರ ಉಸಿರು ಎಂದು ದೊಡ್ಡಮಾದಯ್ಯ ಒಮ್ಮೆಯೂ ಕೇಳಲಿಲ್ಲ.

ಬೆಳಿಗ್ಗೆ ಹೊರಡುವಾಗ ಲಿಂಗಯ್ಯ ಆ ಮನೆಯವರೆಗೆ ಹೋಗುತ್ತಿರಲಿಲ್ಲ. ಹೊಲದ ಕಡೆಗಿರುವ ಕೊನೆಯ ಮನೆ ಅದು. ಬೀದಿಯ ತುದಿಯಲ್ಲೇ ನಿಂತು, ಲೋ ಮಾದಾ, ಬತ್ತೀಯೇನ್ಲಾ ಎಂದು ಒಂದು ಕೂಗು ಹಾಕುತ್ತಿದ್ದ. ಒಳಗಿನಿಂದ ದೊಡ್ಡಮಾದಯ್ಯನ ಹೆಂಡತಿ ಪುಟ್ಟಮಾದಮ್ಮ, ಉಣ್ತಾವ್ರೆ ತಡ್ಕೊ ಎನ್ನುತ್ತಿದ್ದಳು. ಇವನು ತಡೆದುಕೊಳ್ಳುತ್ತಿದ್ದ. ಸೈಕಲ್ಲು ಹೋಗಿ ಆಟೊ ಬಂದ ಮೇಲೂ, ದೊಡ್ಡಮಾದಯ್ಯ ಆಟೊದಲ್ಲಿ ಸುಮ್ಮನೆ ಜೊತೆಗೆ ಕೂತು ಬರುತ್ತಿದ್ದುದರಿಂದ, ಈ ಕೂಗು ಮತ್ತು ಈ ಉತ್ತರ ನಿಲ್ಲಲಿಲ್ಲ. ಮೂರು ವರ್ಷದ ಕೆಳಗೆ ದೊಡ್ಡಮಾದಯ್ಯ ತೀರಿಕೊಂಡ. ಆ ಸುದ್ದಿಯನ್ನೂ ಲಿಂಗಯ್ಯನೇ ಊರಿಗೆ ಹೇಳಬೇಕಾಯಿತು. ಎರಡು ಬೀದಿ ಹೇಳಿದ. ಮೂರನೆಯ ಬೀದಿಯಲ್ಲಿ ಬಾಯಿ ತೆರೆದರೆ ಮಾತು ಬರಲಿಲ್ಲ, ಮಾದೇಶ ಕೈ ಚಾಚಿ ಮೈಕು ಆರಿಸಿದ. ಮಣ್ಣಾದ ದಿನ ಬಿಟ್ಟರೆ ಮತ್ತೆ ಆ ಮನೆಯ ಕಡೆ ಲಿಂಗಯ್ಯ ಹೋಗಲಿಲ್ಲ. ಹೋಗಿಬನ್ನಿ ಎಂದು ಸುಂದ್ರಮ್ಮ ಹೇಳಿದಾಗಲೆಲ್ಲ ನಾಳೆ ಎನ್ನುತ್ತಿದ್ದ. ಊರಿಗೆಲ್ಲ ಮಾತು ಹಂಚುವವನು ಆ ಒಂದು ಮನೆಗೆ ಏನು ಮಾತು ಒಯ್ಯುವುದೆಂದು ತಿಳಿಯದೆ ನಾಳೆ, ನಾಳೆ ಎಂದು ಕಾಲ ತಳ್ಳಿದ್ದ.

ಇಂಥ ಲಿಂಗಯ್ಯನ ಗಂಟಲಿಗೆ ಕಂಟಕ ಬಂದದ್ದು ನೆಂಟರಿಂದಲೇ. ಸುಂದ್ರಮ್ಮನ ತಂಗಿಯ ಮಗಳು ಚೈತ್ರ, ಚಂದಕವಾಡಿಯ ಹುಡುಗಿ, ಕಂಪ್ಯೂಟರ್ ಓದಿ ಚಾಮರಾಜನಗರದಲ್ಲಿ ಒಂದು ಪ್ರಚಾರದ ಕಂಪನಿ ಸೇರಿದ್ದಳು. ಆ ಸಲದ ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳಿದ್ದರು. ಒಬ್ಬರದು ಬಿಳಿ ಕಾರು, ಇನ್ನೊಬ್ಬರದು ಕಪ್ಪು ಕಾರು. ಅವರಲ್ಲಿ ಬೇರೆ ವ್ಯತ್ಯಾಸವೂ ಇತ್ತಂತೆ, ನಮಗೆ ಕಂಡದ್ದು ಇಷ್ಟೇ. ಚೈತ್ರಳ ಕಂಪನಿ ಬಿಳಿ ಕಾರಿನವರ ಕೆಲಸ ಹಿಡಿದಿತ್ತು. ಅವಳ ಆಫೀಸಿನ ಹೆಸರು ವಾರ್ ರೂಮ್. ಅಂದರೆ ಯುದ್ಧದ ಕೋಣೆ ಎಂದು ಕೇಳಿ ಲಿಂಗಯ್ಯ ಸ್ವಲ್ಪ ಹೆದರಿಕೊಂಡೇ ಹೋದ. ಒಳಗೆ ನೋಡಿದರೆ ಹತ್ತಾರು ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಮುಂದೆ ಪಫ್ಸ್ ತಿನ್ನುತ್ತ ಕೂತಿದ್ದರು.

ಚೈತ್ರ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ದೊಡ್ಡಪ್ಪನ ಗಂಟಲಿಗೆಂದು ಶುಂಠಿ ಕಾಫಿ ತರಿಸಿ, ಸ್ವಲ್ಪ ಓದಿಕೊಡಬೇಕು ಎಂದಳು. ನಿಮ್ಮ ಧ್ವನಿಯನ್ನು ಕಂಪ್ಯೂಟರು ಕಲಿತುಕೊಳ್ಳುತ್ತದೆ, ಆಮೇಲೆ ಏನು ಬೇಕಾದರೂ ಅದೇ ಮಾತಾಡುತ್ತದೆ ಎಂದು ಅವಳು ಬಿಡಿಸಿಯೇ ಹೇಳಿದಳು. ಸುಳ್ಳೇನೂ ಹೇಳಲಿಲ್ಲ. ಕಲಿತುಕೊಳ್ಳುತ್ತದೆ ಎನ್ನುವವರೆಗೆ ಲಿಂಗಯ್ಯ ಕೇಳಿಸಿಕೊಂಡ. ತನ್ನ ಗಂಟಲಿನಿಂದ ಕಂಪ್ಯೂಟರು ಕಲಿಯುವುದು ಇದೆ ಎಂಬ ಸಂತೋಷದಲ್ಲಿ ಮುಂದಿನದು ಕಿವಿಗೆ ಬೀಳಲಿಲ್ಲ. ಪೇಪರಿನ ಹವಾಮಾನ ಓದಿದ, ಅರಿಶಿನದ ಧಾರಣೆ ಓದಿದ, ನಗು ಎಂದಾಗ ನಕ್ಕ. ಸಾಕು ದೊಡ್ಡಪ್ಪ ಎಂದ ಮೇಲೂ ನಿಲ್ಲಿಸದೆ ಸಂಪಾದಕೀಯವನ್ನೂ ಶ್ರದ್ಧಾಂಜಲಿಯನ್ನೂ ಓದಿ ಎದ್ದು ಬಂದ. ದಾರಿಯುದ್ದಕ್ಕೂ ಮಾದೇಶನಿಗೆ ಅದನ್ನೇ ಹೇಳಿದ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಲಿಂಗಯ್ಯ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಸುಂದ್ರಮ್ಮನ ಫೋನು ಹೊಡೆದುಕೊಂಡಿತು. ಎತ್ತಿದರೆ ಗಂಡನ ದನಿ.

"ನಮಸ್ಕಾರ ಸುಂದ್ರಮ್ಮನವರೇ. ನಾನು ನಿಮ್ಮ ಹರವೆ ಲಿಂಗಯ್ಯ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಾ? ಈ ಸಲ ನನ್ನ ಮತ ಯಾರಿಗೆ ಎಂದು ನಿಮಗೆ ಹೇಳಲೇಬೇಕು."

ಹೇಳಿಯೇಬಿಟ್ಟಿತು. ಬಿಳಿ ಕಾರಿನವರ ಹೆಸರು, ಗುರುತು, ಎಲ್ಲ. ಮೂವತ್ತು ವರ್ಷ ಕೇಳಿದರೂ ಸಿಗದ ಉತ್ತರ ಕೇಳದೆಯೇ ಸಿಕ್ಕಿದ್ದಕ್ಕೆ ಸುಂದ್ರಮ್ಮ ಬೆರಗಾಗಿ ಕೂತಳು. ಆಮೇಲೆ ಬಚ್ಚಲಿನಿಂದ ಚೊಂಬಿನ ಸದ್ದು ಕೇಳಿ, ಫೋನು ಹಿಡಿದುಕೊಂಡೇ ಬಾಗಿಲ ಹತ್ತಿರ ಹೋಗಿ, ಒಳಗಿರೋರು ಯಾರು ಎಂದಳು. ನಿನ್ನ ಗಂಡ ಎಂದು ಒಳಗಿನಿಂದ ಬಂತು. ಹಾಗಿದ್ದರೆ ಫೋನಿನಲ್ಲಿ ಮಾತಾಡಿದವರು ಯಾರು ಎಂದು ಕೇಳಿ, ಉತ್ತರಕ್ಕೆ ಕಾಯದೆ, ಯಾರೇ ಆಗಲಿ ನಿಮಗಿಂತ ಮರ್ಯಾದಸ್ಥರು, ಚೆನ್ನಾಗಿದ್ದೀರಾ ಎಂದು ಒಂದು ಮಾತು ವಿಚಾರಿಸಿದರು ಎಂದಳು.

ಲಿಂಗಯ್ಯ ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಹರವೆಯ ಎಲ್ಲ ಮನೆಗಳಲ್ಲೂ ಅವನು ಮಾತಾಡಿ ಮುಗಿಸಿದ್ದ. ಒಂದೊಂದು ಮನೆಗೂ ಹೆಸರು ಹಿಡಿದು ಕರೆದಿದ್ದ. ಅಷ್ಟೂ ಹೆಸರು, ಅಷ್ಟೂ ನಂಬರು ಕಂಪನಿಗೆ ಎಲ್ಲಿಂದ ಬಂದವೋ ಅವನಿಗೆ ತಿಳಿಯಲಿಲ್ಲ. ಕೇಳಿದ್ದರೆ ಚೈತ್ರಳೂ ಹೇಳುತ್ತಿರಲಿಲ್ಲ.

ಆ ಮಧ್ಯಾಹ್ನ ನಲ್ಲಿಯ ಹತ್ತಿರ ನಾಲ್ಕು ಜನರ ಬದಲು ನಲವತ್ತು ಜನ ಸೇರಿದ್ದರು. ಲಿಂಗಯ್ಯ ಅಭ್ಯಾಸಬಲದಿಂದ ಬಗ್ಗಿ ಬೊಗಸೆಗೆ ನೀರು ಹಿಡಿದ. ಹೋಟೆಲಿನ ಶಾಂತರಾಜು ಕಟ್ಟೆಯ ಮೇಲಿನಿಂದಲೇ ಕೇಳಿದ.

"ಇನ್ಯಾಕಣ್ಣ ಮುಕ್ಕಳಿಸೀಯೆ? ಒಳಗಿದ್ದದ್ದೆಲ್ಲ ಆಚೆ ಬಂದ್ಬುಡ್ತಲ್ಲ, ಬುಡು."

ಎಲ್ಲರೂ ನಕ್ಕರು. ಬೊಗಸೆಯ ನೀರು ಸೋರಿಹೋಯಿತು. ಕಪ್ಪು ಕಾರಿನವರು ಅಂದಿನಿಂದಲೇ ಅವನನ್ನು ಬಿಟ್ಟು ಗುಂಡ್ಲುಪೇಟೆಯಿಂದ ಬೇರೊಬ್ಬನನ್ನು ಕರೆಸಿಕೊಂಡರು. ಆ ಹುಡುಗ ಮೈಕಿನಲ್ಲಿ ಕೆಮ್ಮುತ್ತಿದ್ದ. ಬಿಳಿ ಕಾರಿನವರು ಬಂದು ಬೆನ್ನು ತಟ್ಟಿ, ನೀವು ನಮ್ಮವರು ಎಂದು ನಮಗೆ ಮೊದಲೇ ಗೊತ್ತಿತ್ತು ಎಂದರು. ಲಿಂಗಯ್ಯನಿಗೆ ಬಿಟ್ಟವರಿಗಿಂತ ತಟ್ಟಿದವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ನಾನಲ್ಲ, ನಾನಲ್ಲ ಎಂದು ಬೀದಿಯಲ್ಲಿ ಎದುರಾದವರಿಗೆಲ್ಲ ಹೇಳಿದ. ನಿನ್ನ ದನಿ ನಮಗೆ ಗೊತ್ತಿಲ್ಲವೇ ಎಂದು ಅವರು ಕೇಳಿದರು. ನಲವತ್ತು ವರ್ಷ ಊರಿನ ಕಿವಿಗೆ ತನ್ನ ದನಿ ಹಚ್ಚಿದ್ದವನು ಅವನೇ. ಈಗ ಅದನ್ನು ಅಲ್ಲ ಎನ್ನುವುದು ಹೇಗೆ?

ಮಾರನೆಯ ದಿನ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಯುದ್ಧದ ಕೋಣೆಯಲ್ಲಿ ನಿಜವಾದ ಯುದ್ಧ ಮಾಡಿದ. ಹುಡುಗ ಹುಡುಗಿಯರು ಪಫ್ಸ್ ಕೆಳಗಿಟ್ಟು ನೋಡಿದರು. ಚೈತ್ರ ಅತ್ತುಬಿಟ್ಟಳು. ಹೇಳಿಯೇ ಮಾಡಿದೆನಲ್ಲ ದೊಡ್ಡಪ್ಪ ಎಂದಳು, ನಿಮ್ಮ ದನಿ ಎಂದರೆ ಜನ ನಂಬುತ್ತಾರೆ ಎಂದೇ ಅಲ್ಲವೇ ನಿಮ್ಮನ್ನು ಕರೆದದ್ದು ಎಂದಳು. ಅದು ಹೊಗಳಿಕೆಯೋ ಮತ್ತೊಂದೋ ಎಂದು ತೀರ್ಮಾನಿಸಲಾರದೆ ಲಿಂಗಯ್ಯ ಕೂತ. ಹುಡುಗಿಯ ಕಣ್ಣೀರು ನೋಡಿ ಅವನಿಗೂ ಮನಸ್ಸು ಕರಗಿತು. ಏನಾದರೂ ಸರಿಮಾಡು ತಾಯಿ ಎಂದ.

ಚೈತ್ರ ಕಣ್ಣೊರೆಸಿಕೊಂಡು, ಮೇಲಿನವರಿಗೆ ಹೇಳದೆ ಹರವೆಯ ನಂಬರುಗಳಿಗೆ ಮಾತ್ರ ಇನ್ನೊಂದು ಕರೆ ಕಳಿಸುತ್ತೇನೆ, ಮೊದಲಿನದು ನಾನಲ್ಲ ಎಂದು ನೀವೇ ಹೇಳಿಬಿಡಿ ಎಂದಳು. ಅಷ್ಟರಲ್ಲಿ ಕೂಗಾಡಿ ಕೂಗಾಡಿ ಲಿಂಗಯ್ಯನ ಗಂಟಲು ಪೂರ್ತಿ ಕೂತುಹೋಗಿತ್ತು. ಮೈಕಿನ ಮುಂದೆ ಬಾಯಿ ತೆರೆದರೆ ಬರಿಯ ಗಾಳಿ. ಪರವಾಗಿಲ್ಲ, ಕಂಪ್ಯೂಟರಿನಲ್ಲಿ ನಿಮ್ಮ ಗಂಟಲು ಚೆನ್ನಾಗಿಯೇ ಇದೆ ಎಂದು ಅವಳು ಸಮಾಧಾನ ಹೇಳಿದಳು. ಅವನು ತಲೆಯಾಡಿಸಿದ. ಬಸ್ಸಿನಲ್ಲಿ ಬದನಗುಪ್ಪೆ ದಾಟಿದ ಮೇಲೆ, ತಾನು ಒಪ್ಪಿದ್ದೇನು ಎಂದು ಅವನಿಗೆ ಹೊಳೆಯಿತು. ಹೊಳೆಯುವುದಕ್ಕೂ ಜೇಬಿನ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

"ನಮಸ್ಕಾರ ಲಿಂಗಯ್ಯನವರೇ. ನಾನು ನಿಮ್ಮ ಹರವೆ ಲಿಂಗಯ್ಯ. ಚೆನ್ನಾಗಿದ್ದೀರಾ? ನಿನ್ನೆ ನಿಮ್ಮ ಜೊತೆ ಮಾತನಾಡಿದ ಲಿಂಗಯ್ಯ ನಾನಲ್ಲ."

ಈ ಎರಡನೆಯ ಕರೆಯಿಂದ ಊರಿಗೆ ಆದಷ್ಟು ಸಂತೋಷ ಈಚೆಗೆ ಯಾವುದರಿಂದಲೂ ಆಗಿರಲಿಲ್ಲ. ಶಾಂತರಾಜು ಅದನ್ನು ರೆಕಾರ್ಡು ಮಾಡಿಟ್ಟುಕೊಂಡು ಹೋಟೆಲಿಗೆ ಬಂದವರಿಗೆಲ್ಲ ಕೇಳಿಸಿದ. ಎರಡು ದಿನ ಬಿಟ್ಟು ಗಂಟಲು ಸರಿಹೋಗಿ ಲಿಂಗಯ್ಯ ಹಾಲಿನ ಡೇರಿಯ ಮುಂದೆ ಏನೋ ಮಾತು ತೆಗೆದರೆ, ಈಗ ಮಾತಾಡುತ್ತಿರುವುದು ಎಷ್ಟನೆಯ ಲಿಂಗಯ್ಯ ಎಂದು ಜನ ಕೇಳುತ್ತಿದ್ದರು. ಅವನೂ ಒಂದೆರಡು ಸಲ ನಕ್ಕ. ಮನೆಗೆ ಬಂದು ಮಾತ್ರ ಊಟ ಬೇಡ ಎಂದು ಮಲಗಿದ. ತನ್ನ ಮಾತು ತನ್ನದೇ ಎಂದು ನಂಬಿಸಲಾಗದವನು ಇನ್ನು ಮೈಕು ಹಿಡಿದು ಏನು ಮಾಡುವುದು ಎಂದು ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಸುಂದ್ರಮ್ಮ ತಟ್ಟೆ ಮುಚ್ಚಿಟ್ಟು ಕೂತಳು, ಆ ದಿನ ತಮಾಷೆ ಮಾಡಲಿಲ್ಲ.

ಚುನಾವಣೆಗೆ ಇನ್ನೂ ನಾಲ್ಕೈದು ದಿನ ಇರುವಾಗ ಒಂದು ಸಂಜೆ ಅರಣ್ಯ ಇಲಾಖೆಯ ಗಾರ್ಡ್ ಬೆಟ್ಟಯ್ಯ ಬೈಕಿನಲ್ಲಿ ಬಂದ. ಊರಿನ ಹಿಂದಿನ ಜೋಳದ ಹೊಲದಲ್ಲಿ ಚಿರತೆ ಕಂಡಿದೆ, ಹೆಜ್ಜೆ ನಾನೇ ನೋಡಿ ಬಂದಿದ್ದೇನೆ, ಬೋನು ಬೆಳಿಗ್ಗೆ ಬರುತ್ತದೆ, ಅಲ್ಲಿಯವರೆಗೆ ಮಕ್ಕಳನ್ನು ಹೊರಗೆ ಬಿಡಬಾರದು, ಮೇಕೆಗಳನ್ನು ಒಳಗೆ ಕಟ್ಟಬೇಕು, ಕತ್ತಲಾಗುವುದರೊಳಗೆ ಕೂಗಿಬಿಡು ಎಂದ. ಬೆಟ್ಟಯ್ಯನ ಮುಖದಲ್ಲಿ ತಮಾಷೆ ಇರಲಿಲ್ಲ. ಲಿಂಗಯ್ಯ ಮಾದೇಶನನ್ನು ಎಬ್ಬಿಸಿಕೊಂಡು ಆಟೊ ಹತ್ತಿದ.

ಮೊದಲ ಬೀದಿಯಲ್ಲಿ ಚೆನ್ನಾಗಿಯೇ ಕೂಗಿದ. ಬಾಗಿಲುಗಳಿಂದ ಜನ ಹೊರಗೆ ಬಂದರು, ಆದರೆ ಮೇಕೆ ಕಟ್ಟುವುದಕ್ಕಲ್ಲ. ಹೋಟೆಲಿನ ಮುಂದೆ ಕೂತಿದ್ದವರು ಆಟೊಗೆ ಅಡ್ಡ ನಿಂತರು.

"ಅಣ್ಣ, ಚಿರತೆ ಯಾವ ಪಾರ್ಟಿ ಕಣ?" ಎಂದ ಶಾಂತರಾಜು.

ಬಿಳಿ ಕಾರಿನದೇ ಇರಬೇಕು, ಇವನು ಹೇಳಿದ ಮೇಲೆ ಎಂದ ಇನ್ನೊಬ್ಬ. ತಡೆಯಿರಿ, ನಾನು ಬಂದೇ ಇಲ್ಲ ಎಂದು ಚಿರತೆಯದೇ ಒಂದು ಫೋನು ಬರುತ್ತದೆ ಎಂದ ಮತ್ತೊಬ್ಬ. ನಗು ಬೀದಿಯುದ್ದಕ್ಕೂ ಹೋಯಿತು. ಆಟೊ ಮುಂದೆ ಸಾಗಿದರೆ ಮಕ್ಕಳು ಹುಲಿ, ಚಿರತೆ ಎಂದು ಕೂಗುತ್ತ ಆಟೊ ಹಿಂದೆಯೇ ಓಡತೊಡಗಿದರು. ಒಳಗಿರಬೇಕಾದ ಮಕ್ಕಳು ಅವನ ಕೂಗಿನಿಂದಲೇ ಹೊರಗೆ ಬಂದು ಹೊಲದ ಕಡೆಗಿನ ದಾರಿಯಲ್ಲಿ ಓಡುತ್ತಿದ್ದರು. ಲಿಂಗಯ್ಯ ಅದನ್ನು ನೋಡಿದ. ಅವನ ಕೈ ತಾನಾಗಿಯೇ ಮೈಕು ಆರಿಸಿತು.

ಆಟೊದಿಂದ ಇಳಿದ. ಮಕ್ಕಳನ್ನು ಗದರಿಸಿ ಮನೆಗಳಿಗೆ ಅಟ್ಟುವಂತೆ ಮಾದೇಶನಿಗೆ ಹೇಳಿ, ಮೊದಲ ಮನೆಯ ಬಾಗಿಲು ತಟ್ಟಿದ. ಮುಖ ತೋರಿಸಿದ. ಬಂದಿದೆ ಕಣಮ್ಮಿ, ಬೆಟ್ಟಯ್ಯ ಹೆಜ್ಜೆ ನೋಡಿದ್ದಾನೆ, ಮೇಕೆ ಒಳಗೆ ಕಟ್ಟು ಎಂದ. ಎರಡನೆಯ ಮನೆ, ಮೂರನೆಯ ಮನೆ. ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದರೂ ಬಾಗಿಲು ಬಾಗಿಲಿಗೆ ಹೋಗಿ ಅಭ್ಯಾಸವಿಲ್ಲದವನು. ಯಾವ ಮನೆಯ ಹೊಸಿಲು ಎತ್ತರ ಎಂದು ಗೊತ್ತಿಲ್ಲದೆ ಎರಡು ಕಡೆ ಎಡವಿದ. ಎದುರಿಗೇ ನಿಂತವರಿಗೂ ಮೈಕಿನಲ್ಲಿ ಹೇಳುವಷ್ಟೇ ಜೋರಾಗಿ ಹೇಳಿ ಎರಡು ತೊಟ್ಟಿಲ ಕೂಸುಗಳನ್ನು ಎಬ್ಬಿಸಿದ. ಒಬ್ಬಳು ಮುದುಕಿ ನಿಜವಾದವನೇ ಇರಬೇಕೆಂದು ಅವನ ಕೆನ್ನೆ ಮುಟ್ಟಿ ನೋಡಿದಳು. ಆದರೆ ನಡೆದು ಬಂದು, ಬೆವರಿ, ಏದುಸಿರಿನಲ್ಲಿ ಹೇಳುವವನನ್ನು ಎಷ್ಟನೆಯ ಲಿಂಗಯ್ಯ ಎಂದು ಕೇಳುವುದು ಯಾರಿಗೂ ಆಗಲಿಲ್ಲ. ಮೇಕೆಗಳು ಒಂದೊಂದಾಗಿ ಒಳಗೆ ಹೋದವು. ಶಾಂತರಾಜು ಹೋಟೆಲಿನ ಬೆಂಚು ಒಳಗೆಳೆದು, ಟಾರ್ಚು ತಂದು ಅವನ ಕೈಗೆ ಕೊಟ್ಟ.

ಕೊನೆಗೆ ಉಳಿದದ್ದು ಹೊಲದ ಕಡೆಯ ಆ ಒಂದು ಮನೆ. ಊರಿನಲ್ಲಿ ಚಿರತೆಗೆ ಎಲ್ಲಕ್ಕಿಂತ ಹತ್ತಿರದ ಮನೆ. ಇವತ್ತು ನಾಳೆ ಎನ್ನುವ ಹಾಗಿರಲಿಲ್ಲ.

ಪುಟ್ಟಮಾದಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಬಿದ್ದಿತ್ತು, ಒಳಗಿನಿಂದ ಮೇಕೆಗಳ ಸದ್ದು ಕೇಳುತ್ತಿತ್ತು. ಲಿಂಗಯ್ಯ ಅಂಗಳದಲ್ಲೇ ನಿಂತು ಚಿರತೆಯ ವಿಷಯ ಶುರುಮಾಡಿದ. ಆಟೊದಲ್ಲಿ ಕೂಗಿದಾಗಲೇ ಕೇಳಿತು, ಆಗಲೇ ಕಟ್ಟಿದೆ ಎಂದಳು ಅವಳು.

ಅವನಿಗೆ ಆಶ್ಚರ್ಯವಾಯಿತು. ಊರೆಲ್ಲ ನಕ್ಕರಲ್ಲ, ನೀನು ಹೇಗೆ ನಂಬಿದೆ ಅಕ್ಕ ಎಂದು ಕೇಳಿದ. ನೀನು ಹೇಳಿದರೆ ನಂಬದೆ ಇನ್ನೇನು ಎಂದಳು. ನಿನಗೆ ಆ ಫೋನು ಬರಲಿಲ್ಲವೇ ಎಂದ. ಬಂದಿತ್ತು, ಎರಡೂ ಬಂದವು, ಅವರ ಫೋನಿಗೇ ಬಂದವು ಎಂದಳು. ದೊಡ್ಡಮಾದಯ್ಯನ ಫೋನನ್ನು ಅವಳು ಈಗಲೂ ಚಾರ್ಜು ಮಾಡಿಟ್ಟುಕೊಂಡಿದ್ದಳು. ಮತದಾರರ ಪಟ್ಟಿಯಿಂದ ಅವನ ಹೆಸರನ್ನು ಯಾರೂ ತೆಗೆದಿರಲಿಲ್ಲ. ಕಂಪ್ಯೂಟರು ಆ ಹೆಸರನ್ನೂ ಹಿಡಿದು ಕರೆದಿತ್ತು.

ಯಾವ ಗಂಟಲಿನಿಂದ ಲಿಂಗಯ್ಯ ಗೆಳೆಯನ ಸಾವನ್ನು ಊರಿಗೆ ಸಾರಿದ್ದನೋ ಅದೇ ಗಂಟಲು, ಅವನ ಹೆಂಡತಿಯ ಕಿವಿಗೆ, ದೊಡ್ಡಮಾದಯ್ಯನವರೇ ಚೆನ್ನಾಗಿದ್ದೀರಾ ಎಂದಿತ್ತು. ಎರಡು ಸಲ. ಅವನು ಜಗುಲಿಯ ಅಂಚಿನಲ್ಲಿ ಕೂತುಬಿಟ್ಟ. ತಪ್ಪಾಯಿತು ಕಣಕ್ಕ, ಅದು ನಾನಲ್ಲ ಎಂದ. ಆ ಮಾತನ್ನು ಇಷ್ಟು ದಿನ ನೂರು ಸಲ ಹೇಳಿದ್ದ. ಈ ಸಲ ಹೇಳುವಾಗ ಮಾತ್ರ ದನಿ ಏಳಲಿಲ್ಲ.

ಪುಟ್ಟಮಾದಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನೀನಲ್ಲ ಅಂತ ನಂಗೊತ್ತು ಬುಡು. ನೀ ಯಾವತ್ತು ಅವ್ರನ್ನ ದೊಡ್ಡಮಾದಯ್ಯನೋರೆ ಅಂದಿದ್ದೀಯೆ? ಬೀದಿ ತುದೀಲೇ ನಿಂತ್ಕಂಡು ಲೋ ಮಾದಾ ಅಂತಿದ್ದೆ. ಅದು ಅಂಗನ್ನಲಿಲ್ಲ. ಆಗ್ಲೇ ಅಂದ್ಕಂಡೆ, ಇದು ಯಾವ್ದೋ ಬೇರೆ ಅಂತ."

ಹರವೆಯಲ್ಲಿ ಇಷ್ಟು ಜನ ಇದ್ದು, ಹೆಂಡತಿಯೂ ಗುರುತಿಸಲಾರದೆ ಹೋದದ್ದನ್ನು ಗುರುತಿಸಿದವಳು ಇವಳೊಬ್ಬಳೇ. ಲಿಂಗಯ್ಯನ ಎದೆಯ ಮೇಲಿನ ಭಾರ ಇಳಿಯಿತು. ಇಳಿದು ಮುಗಿಯುವ ಮೊದಲೇ ಅವಳು ಇನ್ನೊಂದು ಮಾತು ಹೇಳಿದಳು, ಸಿಟ್ಟಿಲ್ಲದೆ, ಕಾಯಿಯ ಕಡೆಗೇ ನೋಡುತ್ತ.

"ಆದ್ರೂ ಎರಡು ದಪ ಕೇಳಿಸ್ಕಂಡೆ ಕಣಣ್ಣ. ಯಾರೂ ಅವ್ರ ಎಸ್ರು ಯೋಳಾಕಿಲ್ಲ ಈಗ. ಅದಾದ್ರೂ ಎಸ್ರು ಇಡ್ದು ವಿಚಾರಿಸ್ತು. ನೀ ಬರ್ಲಿಲ್ಲ."

ನಾಚಿಕೆಯಿಂದ ಲಿಂಗಯ್ಯ ತಲೆಯೆತ್ತಲಿಲ್ಲ. ಗೋಡೆಗೆ ಒರಗಿಸಿದ ಹಳೆಯ ಸೈಕಲ್ಲು ಅಲ್ಲೇ ಇತ್ತು, ಅದರ ಕ್ಯಾರಿಯರಿನ ಮೇಲೆ ಒಂದು ಕಂಬಳಿ ಒಣಗುತ್ತಿತ್ತು. ಅವಳು ಉಳಿದ ಕಾಯಿಯನ್ನೂ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ಪುಟ್ಟಮಾದಮ್ಮ, ಇನ್ನೇನು ಕತ್ತಲಾಗುತ್ತದೆ, ಹೋಗು, ಸುಂದ್ರಮ್ಮ ಕಾಯುತ್ತಿರುತ್ತಾಳೆ ಎಂದಳು. ಎದ್ದು ಮೊರ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಲಿಂಗಯ್ಯ ಎದ್ದು ಬೀದಿಯುದ್ದಕ್ಕೂ ನಡೆದ. ತುದಿಗೆ ಬಂದಾಗ ಅವನ ಕಾಲು ತಾನಾಗಿಯೇ ನಿಂತಿತು. ಮಾದೇಶ ಆಟೊದಲ್ಲಿ ಕಾಯುತ್ತಿದ್ದ, ಏನಣ್ಣ ಎಂದ. ಅವನು ಹೊಲದ ಕಡೆಯ ಮನೆಗೆ ಮುಖ ಮಾಡಿ ನಿಂತು, ಎರಡೂ ಕೈಯನ್ನು ಬಾಯಿಯ ಪಕ್ಕಕ್ಕಿಟ್ಟು, ಮೈಕಿಲ್ಲದೆ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದ.

"ಲೋ ಮಾದಾ, ಬತ್ತೀಯೇನ್ಲಾ!"

ದನಿ ಒಡೆಯಿತು. ಕೊನೆಯ ಅಕ್ಷರದಲ್ಲಿ ಕೀರಲಾಯಿತು. ಕಂಪ್ಯೂಟರಿನಲ್ಲಿರುವ ಗಂಟಲು ಎಂದೂ ಹಾಗೆ ಒಡೆಯುವುದಿಲ್ಲ. ಬೀದಿಯ ಬಾಗಿಲುಗಳು ಒಂದೊಂದಾಗಿ ಸ್ವಲ್ಪ ಸ್ವಲ್ಪವೇ ತೆರೆದವು. ಶಾಂತರಾಜು ಹೋಟೆಲಿನಿಂದ ಇಣುಕಿದ. ಯಾರೂ ಯಾವ ಪಾರ್ಟಿ ಎಂದು ಕೇಳಲಿಲ್ಲ. ಈ ಕೂಗು ಕೇಳಿ ಬೆಳೆದವರು ಆ ಬೀದಿಯಲ್ಲಿ ಬಹಳ ಜನರಿದ್ದರು.

ಹೊಲದ ಕಡೆಯ ಮನೆಯಲ್ಲಿ ದೀಪ ಹೊತ್ತಿತು. ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಪುಟ್ಟಮಾದಮ್ಮನ ದನಿ ಬಂತು.

"ಉಣ್ತಾವ್ರೆ, ತಡ್ಕೊ."

ಲಿಂಗಯ್ಯ ಬೀದಿಯ ತುದಿಯಲ್ಲಿ ತಡೆದುಕೊಂಡು ನಿಂತ.